ಅರ್ಧಕ್ಲಾಸಕ್ಕನ ನಾಲ್ಕನೆಯ ತರಬೇತಿ

ಗಡಿಠಾಣೆಗಳ ಅಧಿಕಾರಿಗಳಿಗೆ ನಾನು ಹದಿನೇಳು ವರ್ಷಗಳಿಂದ ಸಮನ್ವಯ ಕಲಿಸುತ್ತಿದ್ದೇನೆ. ಆಚೆಯವರೂ ಈಚೆಯವರೂ ಕೂಡಿ ಕೆಲಸ ಮಾಡಿದರೆ ಲಾರಿಗಳು ಬೇಗ ದಾಟುತ್ತವೆ ಎಂಬ ಒಂದೇ ಮಾತನ್ನು ಐದು ದಿನಕ್ಕೆ ಹಿಗ್ಗಿಸುವುದು ನನ್ನ ವೃತ್ತಿ.

"ಟವೆಲ್ ಎಲ್ಲಿದೆ ಅಂತ ಗೊತ್ತಾಗೋಕೂ ನಾನು ಬೇಕು. ನೀವು ಎರಡು ದೇಶಕ್ಕೆ ಸಮನ್ವಯ ಮಾಡಿಸ್ತೀರಾ?" ಎನ್ನುತ್ತಾಳೆ ಹೆಂಡತಿ. ತಪ್ಪೇನಿಲ್ಲ, ಸಮನ್ವಯ, ಸಮನ್ವಯ ಎನ್ನುತ್ತಲೇ ನನಗೆ ವಯಸ್ಸಾಯಿತು.

ನನ್ನ ತರಗತಿಗೆ ಮೂರು ಸಲ ಬಂದು ಮೂರು ಸಲವೂ ಫೇಲಾದವರು ಒಬ್ಬರೇ, ಒಂದು ಠಾಣೆಯ ಪಶು ತಪಾಸಣಾಧಿಕಾರಿ. ಗಡಿ ದಾಟುವ ಕುರಿ, ಕೋಳಿಗಳ ಆರೋಗ್ಯ ನೋಡಿ ರುಜು ಹಾಕುವುದು ಅವರ ಕೆಲಸ. ಪ್ರತಿಸಲವೂ ಯಾವುದೋ ಲಾರಿಗೆಂದು ಪಾಠದ ನಡುವೆ ಎದ್ದುಹೋಗುತ್ತಿದ್ದರು. ಅರ್ಧ ಗಂಟೆ ಗೈರಾದರೆ ಪ್ರಮಾಣಪತ್ರವಿಲ್ಲ ಎಂಬುದು ನಿಯಮ, ಬರೆದವನು ನಾನೇ. ಸಹೋದ್ಯೋಗಿಗಳು ಅವರಿಗೆ ಅರ್ಧಕ್ಲಾಸಕ್ಕ ಎಂದು ಹೆಸರಿಟ್ಟಿದ್ದರು. ನಿವೃತ್ತಿಗೆ ಎಂಟು ತಿಂಗಳಿತ್ತು. ಪ್ರಮಾಣಪತ್ರವಿಲ್ಲದಿದ್ದರೆ ಬಡ್ತಿಯಿಲ್ಲ, ಸೇರಿದ ಹುದ್ದೆಯಿಂದಲೇ ಮನೆಗೆ.

"ಈ ಸಲ ಆಕಾಶ ಬಿದ್ರೂ ಏಳಲ್ಲ ಸಾರ್," ಎಂದು ನಾಲ್ಕನೆಯ ತರಬೇತಿಗೆ ಬಂದವರೇ ಬಾಗಿಲಿಂದ ದೂರದ ಕುರ್ಚಿ ಹಿಡಿದರು.

ಮೂರು ದಿನ ಕೂತರು. ನಾಲ್ಕನೆಯ ದಿನದ ಪಾಠ ಜಂಟಿ ತಪಾಸಣೆ: ಒಂದೇ ಪೆಟ್ಟಿಗೆಯನ್ನು ಅವರೊಮ್ಮೆ ಇವರೊಮ್ಮೆ ಬಿಚ್ಚುವ ಬದಲು ಇಬ್ಬರೂ ಸೇರಿ ಒಮ್ಮೆ ಬಿಚ್ಚುವುದು. ಇದನ್ನು ಕಲಿಸಲು ನಾನು ಎರಡೂ ಕಡೆಯಲ್ಲಿ ರುಜು ಹಾಕುವ ಅಧಿಕಾರ ಇದ್ದವರನ್ನೆಲ್ಲ ಅಕ್ಕನ ಠಾಣೆಯ ಮಹಡಿಯಲ್ಲೇ ಕೂಡಿಹಾಕಿ, ಮೊಬೈಲುಗಳನ್ನು ಬುಟ್ಟಿಗೆ ಹಾಕಿಸಿ, ಬಾಗಿಲು ಮುಚ್ಚಿದ್ದೆ. ಕೆಳಗೆ ಉಳಿದವನು ಗೇಟಿನ ಕಾವಲುಗಾರ ಮಾತ್ರ. ಪರದೆಯ ಮೇಲೆ 'ಕಾಯುವ ಸಮಯ ತಗ್ಗಿಸುವ ಹನ್ನೆರಡು ಸೂತ್ರಗಳು' ಮೂಡುವ ಹೊತ್ತಿಗೆ ಲಾರಿಗಳ ಸಾಲು ರಸ್ತೆಯ ತಿರುವು ದಾಟಿತ್ತಂತೆ.

ಗಡಿಯಲ್ಲಿ ಗಡಿಬಿಡಿ ಸಲ್ಲದು ಎಂಬ ಐದನೆಯ ಸೂತ್ರ ವಿವರಿಸುತ್ತಿದ್ದಾಗ ಡ್ರೈವರ್ ಒಬ್ಬ ಬಾಗಿಲು ತಳ್ಳಿಕೊಂಡು ಬಂದ.

"ಕೋಳಿಮರಿ ಲೋಡು ಸಾರ್. ನಿನ್ನೆ ಮೊಟ್ಟೆ ಒಡೆದಿರೋದು. ಗಾಡಿ ನಿಂತು ಎರಡು ಗಂಟೆ ಆಯ್ತು, ಬಿಸಿಲಿಗೆ ಬಾಯಿ ಬಿಡ್ತಾ ಇವೆ."

"ಊಟದ ಬಿಡುವಿಗೆ ಇನ್ನು ಐವತ್ತೇ ನಿಮಿಷ," ಎಂದೆ.

"ಅದನ್ನ ಮರಿಗಳಿಗೆ ನೀವೇ ಹೇಳ್ಬಿಡಿ."

ತರಗತಿ ನಕ್ಕಿತು. ಅರ್ಧಕ್ಲಾಸಕ್ಕ ನಗಲಿಲ್ಲ. ನನ್ನನ್ನು ನೋಡಿದರು, ಮೇಜಿನ ಮೇಲಿನ ಹಾಜರಿ ಹಾಳೆಯನ್ನು ನೋಡಿದರು. ಆಮೇಲೆ ಎದ್ದು, ಆಚೆ ಕಡೆಯ ಪಶುವೈದ್ಯರ ಮುಂದೆ ನಿಂತು, "ಏಳಿ ಡಾಕ್ಟ್ರೇ, ಒಟ್ಟಿಗೇ ನೋಡ್ಬಿಡೋಣ," ಎಂದರು. ವೈದ್ಯರು ನನ್ನ ಅಪ್ಪಣೆಗೂ ಕಾಯದೆ ಹಿಂದೆ ನಡೆದರು.

ನಿಯಮ ನೆನಪಿಸೋಣವೆಂದು ಹಾಜರಿ ಹಾಳೆ ಹಿಡಿದು ನಾನೂ ಇಳಿದೆ. ಅಷ್ಟರಲ್ಲಿ ಅಕ್ಕ ಲಾರಿಯನ್ನು ನೆರಳಿಗೆ ಹಾಕಿಸಿದ್ದರು.

"ಸುಮ್ನೆ ನಿಂತಿದೀರಲ್ಲ, ಇದನ್ನ ಹಿಡ್ಕೊಳ್ಳಿ," ಎಂದು ನನ್ನ ಕೈಗೆ ಚಿಂವ್‌ಗುಟ್ಟುವ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟರು. ಅಕ್ಕ ಮರಿಗಳ ಕಣ್ಣು, ರೆಕ್ಕೆ ನೋಡಿ ಹೇಳಿದರು, ವೈದ್ಯರು ತಾವೂ ನೋಡಿ ಬರೆದುಕೊಂಡರು. ಒಂದೇ ಹಾಳೆ, ಎರಡು ರುಜು, ಇಪ್ಪತ್ತೆರಡು ನಿಮಿಷ. ಅಲ್ಲಿಗೇ ಮೇಲೆ ಬಂದಿದ್ದರೆ ನಿಯಮದೊಳಗೇ ಇರುತ್ತಿದ್ದರು. ಆದರೆ ಹಿಂದೆ ಕುರಿಗಳ ಲಾರಿಯಿತ್ತು. ಅದನ್ನು ನೋಡದೆ ಬರುವ ಹೆಂಗಸಲ್ಲ ಅವರು. ಅದು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ದಾಟಿತ್ತು. ಮಹಡಿಯ ಕಿಟಕಿಗಳಲ್ಲಿ ನನ್ನ ಶಿಷ್ಯರೆಲ್ಲ ತಲೆಹಾಕಿ ನೋಡುತ್ತಿದ್ದರು. ನನ್ನ ಪರದೆಯನ್ನು ಅವರು ಎಂದೂ ಅಷ್ಟು ಗಮನವಿಟ್ಟು ನೋಡಿದ್ದಿಲ್ಲ.

"ಈ ಸಲದ್ದೂ ಹೋಯ್ತಲ್ಲ ಸಾರ್," ಎಂದರು ಅಕ್ಕ, ನಲ್ಲಿಯಲ್ಲಿ ಕೈ ತೊಳೆಯುತ್ತಾ.

ನಾನು ಹಾಜರಿ ಹಾಳೆಯಲ್ಲಿ ಅವರ ಹೆಸರಿನ ಮುಂದೆ 'ಪ್ರಾಯೋಗಿಕ ತರಗತಿ: ಹಾಜರು' ಎಂದು ಬರೆದೆ. 'ಕಲಿಸಿದವರು' ಎಂಬ ಜಾಗ ಖಾಲಿಯಿತ್ತು. ನ್ಯಾಯವಾಗಿ ಅಲ್ಲಿ ಅವರ ಹೆಸರೇ ಬರಬೇಕು. ಆದರೆ ಕಲಿಸಿದವರಿಗೆ ಪ್ರಮಾಣಪತ್ರ ಕೊಡುವಂತಿಲ್ಲ. ಅದೂ ನನ್ನದೇ ನಿಯಮ. ಆದ್ದರಿಂದ, ಪೆಟ್ಟಿಗೆ ಹಿಡಿದು ನಿಂತ ಅರ್ಹತೆಯ ಮೇಲೆ, ನನ್ನ ಹೆಸರನ್ನು ಬರೆದುಕೊಂಡೆ.

ಅಕ್ಕ ಹಾಳೆಯನ್ನು ಎರಡು ಸಲ ಓದಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು ರುಜು ಹಾಕಿದರು.

"ಪೆಟ್ಟಿಗೆ ಓರೆ ಹಿಡಿದಿದ್ರಿ," ಎಂದರು. "ನಾಳೆ ಸರಿಯಾಗಿ ಹೇಳ್ಕೊಡ್ತೀನಿ."