ಮೀಸೆಯಣ್ಣನ ಅಂಗಡಿಯ ಎರಡನೇ ಕುರ್ಚಿ

ಮೀಸೆಯಣ್ಣನ ಕ್ಷೌರದಂಗಡಿಯಲ್ಲಿ ರಾಜಕೀಯ ಮಾತಾಡಬಹುದು, ನೆರೆಮನೆಯವರನ್ನು ಆಡಿಕೊಳ್ಳಬಹುದು. ಅವನ ಮೀಸೆಯನ್ನೇ ಪೊರಕೆ ಎಂದು ಹಂಗಿಸಿದರೂ ನಕ್ಕುಬಿಡುತ್ತಾನೆ. ಆದರೆ ‘ಹುಚ್ಚ’ ಎಂಬ ಒಂದು ಮಾತು ಮಾತ್ರ ಅಲ್ಲಿ ನಡೆಯುವುದಿಲ್ಲ. ಯಾರಾದರೂ ಅಂದರೋ, ಕತ್ತಿ ಅಲ್ಲೇ ನಿಂತಿತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ನೊರೆ.

“ಮನಸ್ಸಿನ ಕಾಯಿಲೆ ಅನ್ನಿ. ಜ್ವರ ಬಂದೋನಿಗೆ ಯಾರಾದ್ರೂ ಬೈತಾರಾ? ಆ ಮಾತು ವಾಪಸ್ ತಗೊಳ್ಳಿ, ಆಮೇಲೆ ಈ ಕಡೆ ಕೆನ್ನೆ ನೋಡೋಣ,” ಎಂದು ಕೈ ಕಟ್ಟಿ ನಿಂತುಬಿಡುತ್ತಾನೆ.

ಮರದಂಗಡಿಯ ಯಜಮಾನರೊಬ್ಬರು ಹಟಕ್ಕೆ ಬಿದ್ದು ಅರ್ಧ ಗಡ್ಡದಲ್ಲೇ ಎದ್ದು ಹೋಗಿದ್ದರು. ಬೀದಿಯ ತಿರುವಿನವರೆಗೆ ಹೋದರು, ಎದುರಿಗೆ ಬಂದವರೆಲ್ಲ ನಗುವುದನ್ನು ಕಂಡರು, ಅದೇ ದಾರಿಯಲ್ಲಿ ವಾಪಸು ಬಂದು ಕುರ್ಚಿಯಲ್ಲಿ ಕೂತರು. “ಆಯ್ತಪ್ಪ, ತಪ್ಪಾಯ್ತು, ಮುಗಿಸು.” ಈಗ ಬೇರೆಯವರು ಬಾಯಿತಪ್ಪಿ ಅಂದರೆ ಮೊದಲು ಮೈಮೇಲೆ ಬೀಳುವವರು ಅವರೇ.

ಇಷ್ಟಕ್ಕೆಲ್ಲ ಕಾರಣ ಅವನ ತಮ್ಮ. ಮೀಸೆಯಣ್ಣನಿಗಿಂತ ಹತ್ತಾರು ವರ್ಷ ಚಿಕ್ಕವನು, ಅಣ್ಣನ ಕೈಕೆಳಗೇ ಕೆಲಸ ಕಲಿತು ಅಣ್ಣನನ್ನೇ ಮೀರಿಸಿದವನು. ಅಂಗಡಿಯಲ್ಲಿ ಎರಡೇ ಕುರ್ಚಿ. ಕಿಟಕಿಯ ಪಕ್ಕದ್ದು ಅಣ್ಣನದು, ಒಳಗಿನದು ತಮ್ಮನದು. ಹಿಂದೆ ಜನ ಒಳಗಿನ ಕುರ್ಚಿಗೇ ಕಾದು ಕೂರುತ್ತಿದ್ದರು. ಆಮೇಲೆ ತಮ್ಮನಿಗೆ ಯಾರೂ ಆಡದ ಮಾತುಗಳು ಕೇಳಿಸತೊಡಗಿದವು. ಅವು ಅವನನ್ನು ಬೈಯುತ್ತಿದ್ದವು. ಅವನು ಕೋಣೆ ಸೇರಿಕೊಂಡ, ಊಟ ಬಿಟ್ಟ, ಕನ್ನಡಿಗೆ ಬಟ್ಟೆ ಹೊದಿಸಿದ. ಬಂಧುಗಳು ಬಾಯಿಗೊಂದು ಸಲಹೆ ಕೊಟ್ಟು ಮನೆಯ ದಾರಿಯನ್ನೇ ಮರೆತರು. ಮೀಸೆಯಣ್ಣ ಅಂಗಡಿಗೆ ಬೀಗ ಹಾಕಿ ತಮ್ಮನ ಕೈ ಹಿಡಿದು ಆಸ್ಪತ್ರೆಗೆ ನಡೆದ. ಮೊದಲ ಮಾತ್ರೆ ಒಗ್ಗಲಿಲ್ಲ, ತಮ್ಮನ ಕೈ ಗಡಗಡ ನಡುಗುತ್ತಿತ್ತು. ಡಾಕ್ಟರು ಮಾತ್ರೆ ಬದಲಾಯಿಸಿದರು, ನಡುಕ ನಿಂತಿತು. ಗಲಾಟೆಯ ಮಾತುಗಳು ದೂರದ ಮನೆಯ ರೇಡಿಯೋದಷ್ಟಕ್ಕೆ ಇಳಿದವು. ಅಷ್ಟು ಹೊತ್ತಿಗೆ ಮೀಸೆಯಣ್ಣನಿಗೆ ಆಸ್ಪತ್ರೆಯಲ್ಲಿ ಎಲ್ಲರ ಪರಿಚಯವಾಗಿತ್ತು. ರೋಗಿಗಳ ಮನೆಯವರ ಸಭೆ ನಡೆದಾಗಲೆಲ್ಲ ಹೋಗುತ್ತಿದ್ದ, ಮಕ್ಕಳ ಕಾಯಿಲೆಯನ್ನು ಮುಚ್ಚಿಟ್ಟು ಕುಗ್ಗಿದ ತಾಯಂದಿರ ಪಕ್ಕ ಕೂತು ನಗಿಸುತ್ತಿದ್ದ, ಕೆಲಸ ಕಳೆದುಕೊಂಡವರ ಪರವಾಗಿ ಧಣಿಗಳ ಬಾಗಿಲಿಗೆ ಹೋಗಿ ವಾದಿಸುತ್ತಿದ್ದ. ಅವನ ಬಾಯಿಗೆ ಸೋತು ಇಬ್ಬರು ಮೂವರು ಧಣಿಗಳು ಒಪ್ಪಿದ್ದೂ ಉಂಟು.

ಆದರೆ ತನ್ನ ಅಂಗಡಿಯಲ್ಲೇ ಅವನ ಆಟ ನಡೆಯಲಿಲ್ಲ. ಕೆಲಸಕ್ಕೆ ತಮ್ಮ ವಾಪಸು ಬಂದ, ಕುರ್ಚಿ ಒರೆಸಿದ, ಕತ್ತಿ ಮಸೆದ, ಕಾದು ನಿಂತ. ಬಂದವರೆಲ್ಲ ಅವನನ್ನು ಅಕ್ಕರೆಯಿಂದ ಮಾತಾಡಿಸಿದರು, ಊಟ ಆಯಿತೇ ಎಂದು ಕೇಳಿದರು, ಹೋಗಿ ಕಿಟಕಿಯ ಪಕ್ಕದ ಸರದಿಯಲ್ಲಿ ಕೂತರು. ಎಲ್ಲರಿಗಿಂತ ಮುಂದೆ ನಿವೃತ್ತ ಪೋಸ್ಟ್‌ಮಾಸ್ಟರು. “ನನಗೇನೂ ಅವಸರ ಇಲ್ಲ,” ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು.

ಮೀಸೆಯಣ್ಣ ಒಂದು ಉಪಾಯ ಹೂಡಿದ. ದಿನಾ ಬೆಳಿಗ್ಗೆ ಎಲ್ಲರ ಎದುರಿಗೆ ತಾನೇ ತಮ್ಮನ ಕುರ್ಚಿಯಲ್ಲಿ ಕೂತು ಗಡ್ಡ ಮಾಡಿಸಿಕೊಳ್ಳತೊಡಗಿದ. ಕೆರೆದು ಕೆರೆದು ಕೆನ್ನೆ ಕನ್ನಡಿಯಾಯಿತು. ಯಾರೂ ಆ ಕುರ್ಚಿಗೆ ಬರಲಿಲ್ಲ.

ಹೀಗಿರುವಾಗ ಆಸ್ಪತ್ರೆಯಿಂದ ಸುದ್ದಿ ಬಂತು. ಮನಸ್ಸಿನ ಕಾಯಿಲೆಯವರ ಬೆನ್ನಿಗೆ ನಿಂತವರನ್ನು ಈ ವರ್ಷ ಸನ್ಮಾನಿಸುತ್ತಾರಂತೆ, ಮೊದಲ ಹೆಸರೇ ಮೀಸೆಯಣ್ಣನದು. ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. “ಕಾಲು ಕೆರೆದು ಜಗಳ ಆಡೋರಿಗೂ ಸನ್ಮಾನ ಮಾಡ್ತಾರಾ?” ಎಂದಳು, ಹೇಳಿ ಮುಗಿಸಿ ಹೊಸ ಅಂಗಿ ಹೊಲಿಯಲು ಕೊಟ್ಟು ಬಂದಳು. ಮೀಸೆಯಣ್ಣ ಭಾಷಣ ತಯಾರು ಮಾಡುತ್ತ, ಕನ್ನಡಿಯ ಮುಂದೆ ಕೈ ಬೀಸುತ್ತ, ಸಮಾರಂಭದ ಹಿಂದಿನ ರಾತ್ರಿ ರೆಪ್ಪೆ ಮುಚ್ಚಲಿಲ್ಲ.

ಬೆಳಿಗ್ಗೆ ಅಂಗಡಿ ತೆಗೆದು ಒಳಗಿನ ಕುರ್ಚಿಯಲ್ಲಿ ಕೂತಾಗ ಬಟ್ಟೆ ಹೊದಿಸುತ್ತ ತಮ್ಮ ಮೆಲ್ಲಗೆ ಹೇಳಿದ.

“ಅಣ್ಣಾ, ನಾಳೆಯಿಂದ ನಾನು ಅಂಗಡಿಗೆ ಬರಲ್ಲ.”

“ಯಾಕೋ? ಯಾರೇನಂದ್ರು? ಹೆಸರು ಹೇಳು, ಅರ್ಧ ಗಡ್ಡದಲ್ಲಿ ಓಡಿಸ್ತೀನಿ!”

“ಯಾರೂ ಏನೂ ಅಂದಿಲ್ಲ. ಕೈ ಖಾಲಿ ಇದ್ರೆ ತಲೆಯೊಳಗಿನ ಗಲಾಟೆ ಜಾಸ್ತಿಯಾಗತ್ತೆ. ಇಲ್ಲಿ ಖಾಲಿ ಕುರ್ಚಿ ಪಕ್ಕ ನಿಲ್ಲೋದಕ್ಕಿಂತ ಮನೇಲಿ ಅತ್ತಿಗೆಗೆ ತರಕಾರಿ ಹೆಚ್ಚಿಕೊಡ್ತೀನಿ.” ತಮ್ಮ ಬ್ರಷ್ಷನ್ನು ನೀರಿನಲ್ಲಿ ಅದ್ದಿದ. “ಇನ್ನೊಂದು ಮಾತು. ನೀನು ಊರೋರ ಜೊತೆಗೆಲ್ಲ ನನ್ನ ಪರವಾಗಿ ಜಗಳ ಆಡ್ತೀಯ. ಆದ್ರೆ ನಾನು ಕತ್ತಿ ಎತ್ತಿದ ತಕ್ಷಣ ನಿನ್ನ ಕೈ ಕುರ್ಚಿನ ಗಟ್ಟಿಯಾಗಿ ಹಿಡ್ಕೊಳ್ಳತ್ತೆ. ಕಣ್ಣು ಮುಚ್ಕೊಂಡು ಉಸಿರು ಕಟ್ಕೊಂಡು ಕೂತಿರ್ತೀಯ. ಕನ್ನಡೀಲಿ ನನಗೂ ಕಾಣತ್ತೆ, ಕಾಯ್ತಾ ಕೂತೋರಿಗೂ ಕಾಣತ್ತೆ.”

ಮೀಸೆಯಣ್ಣ ತನ್ನ ಕೈ ನೋಡಿಕೊಂಡ. ತಮ್ಮ ಇನ್ನೂ ಕತ್ತಿ ಮುಟ್ಟಿರಲಿಲ್ಲ, ಇವನ ಬೆರಳುಗಳು ಆಗಲೇ ಕುರ್ಚಿಯ ಹಿಡಿಯನ್ನು ಅಮುಕಿ ಕೂತಿದ್ದವು.

“ನಿನಗೆ ಹೆದರಿ ಅಲ್ಲ ಕಣೋ,” ಎಂದ. “ನಿನ್ನ ಕೈ ಆಗ ನಡುಗ್ತಿತ್ತಲ್ಲ. ಎಲ್ಲಾದ್ರೂ ಒಂದು ಗೀರು ಬಿದ್ರೆ ಬೀದಿಯವರೆಲ್ಲ ನಿನ್ನ ಮೇಲೆ ಬೀಳ್ತಾರೆ. ಆ ಹೆದರಿಕೆ.”

“ಈಗ ನಡುಗಲ್ಲ ಅಣ್ಣಾ. ನೀನು ಯಾವತ್ತೂ ನೋಡೇ ಇಲ್ಲ. ಕಣ್ಣು ಮುಚ್ಕೊಂಡಿರ್ತೀಯಲ್ಲ.”

ನಾಚಿಕೆಯಿಂದ ಮೀಸೆಯಣ್ಣನ ಕಿವಿ ಬಿಸಿಯಾಯಿತು. ಕೈಗಳೆರಡನ್ನೂ ತೊಡೆಯ ಮೇಲೆ ತಂದಿಟ್ಟುಕೊಂಡು ಕನ್ನಡಿಯಲ್ಲಿ ತಮ್ಮನ ಬೆರಳುಗಳನ್ನೇ ನೋಡಿದ. ಕತ್ತಿ ಬಂತು, ಕೆನ್ನೆಯ ಮೇಲೆ ಇಳಿಯಿತು, ಒಂದೇ ಗತಿಯಲ್ಲಿ ಸಾಗಿತು. ಎಂಥ ಕೈ! ತಾನೇ ಕಲಿಸಿದ ಕೈ. ಅವನ ಹೆಗಲು ತಾನಾಗಿ ಇಳಿಯಿತು. ಇನ್ನೊಂದು ಕೆನ್ನೆಯ ಮೇಲೆ ತಮ್ಮ ಬಿಸಿ ಟವೆಲು ಇಟ್ಟ, ಅಷ್ಟೇ. ಇಡೀ ರಾತ್ರಿಯ ನಿದ್ದೆ ಒಟ್ಟಿಗೇ ಬಂದು ಅಮರಿಕೊಂಡಿತು.

ಆಮೇಲೆ ನಡೆದದ್ದನ್ನು ಅವನು ಕೇಳಿ ತಿಳಿದದ್ದು ಹೆಂಡತಿಯ ಬಾಯಿಂದ. ಅವಳು ಇಸ್ತ್ರಿ ಮಾಡಿದ ಹೊಸ ಅಂಗಿ ಹಿಡಿದು ಬರುವಷ್ಟರಲ್ಲಿ ಗೊರಕೆ ಬೀದಿಗೆ ಕೇಳಿಸುತ್ತಿತ್ತು. ಬಾಯಿ ತೆರೆದುಕೊಂಡಿದೆ, ಕತ್ತು ಹಿಂದಕ್ಕೆ ವಾಲಿದೆ, ಕೈಗಳು ಕುರ್ಚಿಯ ಎರಡೂ ಪಕ್ಕ ಜೋತಾಡುತ್ತಿವೆ. ಗೊರಕೆ ಬಂದಾಗಲೆಲ್ಲ ತಮ್ಮ ಕತ್ತಿ ಎತ್ತಿ ಕಾಯುತ್ತಾನೆ, ಗಲ್ಲದ ಅಲುಗಾಟ ನಿಂತಾಗ ಮತ್ತೆ ಎಳೆಯುತ್ತಾನೆ. ಕಿಟಕಿಯ ಗಾಜಿಗೆ ಮೂಗು ಒತ್ತಿ ಜನ ನಿಂತಿದ್ದಾರೆ. ಗಡ್ಡ ಮುಗಿಸಿದ ತಮ್ಮ ಅಣ್ಣನ ಮೀಸೆಗೆ ಕತ್ತರಿ ಇಟ್ಟಾಗಲಂತೂ ಎಲ್ಲರೂ ಉಸಿರು ಬಿಗಿಹಿಡಿದರು. ಆ ಮೀಸೆಯನ್ನು ಇನ್ನೊಬ್ಬರು ಮುಟ್ಟಿದ್ದನ್ನು ಯಾರೂ ಕಂಡವರಿರಲಿಲ್ಲ. ಮೀಸೆಯಣ್ಣ ಮಾತ್ರ ಮಿಸುಕಲಿಲ್ಲ.

ಪೋಸ್ಟ್‌ಮಾಸ್ಟರು ಬೆಂಚಿನ ಮೇಲೆ ಕೂತು ಓದುತ್ತಿದ್ದ ಪೇಪರು ಮಡಚಿದರು. ಎದ್ದು ಹೋಗಿ, ಖಾಲಿಯಿದ್ದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

“ನಿಮ್ಮಣ್ಣ ಈಗ ಏಳೋ ಹಾಗೆ ಕಾಣಲ್ಲ. ನೀನೇ ಮಾಡಪ್ಪ.”

ತಮ್ಮ ನಿಂತಲ್ಲೇ ನಿಂತ. “ನಾನಾ, ಸಾರ್?”

“ಇನ್ಯಾರಿದ್ದಾರೆ ಇಲ್ಲಿ? ಇಷ್ಟು ದಿನ ನಿಮ್ಮಣ್ಣನ ಮುಖ ನೋಡಿ ನಾನೂ ಹೆದರ್ಕೊಂಡಿದ್ದೆ. ಸುಮ್ಮನೆ ಹೆದರಿದ್ದು, ಅದಕ್ಕೆ ಬೇಜಾರಿದೆ. ಆ ಮಹಾರಾಯ ನನ್ನ ಎಷ್ಟು ಸಲ ಗೀರಿದ್ದಾನೆ ಗೊತ್ತಾ? ಹಾಕು ನೊರೆ.”

ಅಷ್ಟರಲ್ಲಿ ಆಸ್ಪತ್ರೆಯ ಸಿಸ್ಟರು ಆಟೋ ನಿಲ್ಲಿಸಿ ಓಡಿಬಂದರು. “ಎಲ್ಲಿ ಅವರು? ಅಲ್ಲಿ ವೇದಿಕೆ ಮೇಲೆ ಎಲ್ಲರೂ ಕಾಯ್ತಿದ್ದಾರೆ!”

ಮೀಸೆಯಣ್ಣನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ಕಿಟಕಿಯ ಪಕ್ಕ ತೋರಿಸಿದಳು. ಅವಳ ಕಣ್ಣು ತುಂಬಿ ಬಂದಿತ್ತು, ಬಾಯಿ ನಗುತ್ತಿತ್ತು. “ಕಾಯಲಿ ಬಿಡಿ ಸಿಸ್ಟರ್. ನಾವೆಷ್ಟು ದಿನ ಕಾದಿದ್ದೀವಿ ಇದಕ್ಕೆ.” ಸಿಸ್ಟರು ಅತ್ತ ನೋಡಿದರು. ಚಪ್ಪಲಿ ಸದ್ದಾಗದಂತೆ ಬಂದು ಬೆಂಚಿನ ಮೇಲೆ ಕೂತುಬಿಟ್ಟರು.

ಮೀಸೆಯಣ್ಣನಿಗೆ ಎಚ್ಚರವಾದಾಗ ಮೊದಲು ಕಂಡದ್ದು ಕನ್ನಡಿ. ಅದರಲ್ಲಿ ತನ್ನ ಮೀಸೆ, ಎರಡೂ ತುದಿ ಸರಿಸಮ. ಅದರಾಚೆ ಬೆಂಚು, ಬೆಂಚಿನ ಮೇಲೆ ಸಿಸ್ಟರು. ಅಯ್ಯೋ, ಸನ್ಮಾನ! ಧಡಕ್ಕನೆ ಏಳಬೇಕು ಎನ್ನುವಷ್ಟರಲ್ಲಿ ಕನ್ನಡಿಯ ಇನ್ನೊಂದು ಮೂಲೆಯಲ್ಲಿ ತನ್ನದೇ ಕುರ್ಚಿ ಕಂಡಿತು. ಅದರಲ್ಲಿ ಪೋಸ್ಟ್‌ಮಾಸ್ಟರು ಕಣ್ಣು ಮುಚ್ಚಿ ಆರಾಮವಾಗಿ ಒರಗಿದ್ದಾರೆ. ತಮ್ಮ ಅವರ ಗಲ್ಲ ಎತ್ತಿ ಕತ್ತಿ ಎಳೆಯುತ್ತಿದ್ದಾನೆ, ಏನೋ ಹೇಳಿ ನಗುತ್ತಿದ್ದಾನೆ.

ತಾನು ಎದ್ದರೆ ಎಲ್ಲ ಕೆಟ್ಟೀತು ಎನ್ನಿಸಿತು ಮೀಸೆಯಣ್ಣನಿಗೆ. ಇಷ್ಟು ಸಂತೋಷವನ್ನು ಕೂತಲ್ಲೇ ಅಲ್ಲಾಡದೆ ತಡೆದುಕೊಳ್ಳುವುದು ಸುಲಭವಲ್ಲ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಬಿಟ್ಟಲ್ಲಿಂದ ಗೊರಕೆಯನ್ನೂ ಮುಂದುವರಿಸಿದ. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು, ಆಗಷ್ಟೇ ನುಣ್ಣಗಾದ ಕೆನ್ನೆಯ ಮೇಲೆ ತಡೆಯಿಲ್ಲದೆ ಜಾರಿತು.

ಆಮೇಲೆ ತಮ್ಮ, ಕೆಲಸದಿಂದ ಕಣ್ಣು ತೆಗೆಯದೆ, ಕೂಗಿದ.

“ಅಣ್ಣಾ, ನಿನ್ನ ನಿಜವಾದ ಗೊರಕೆ ಹೀಗಿರಲ್ಲ. ಸಾಕು, ಏಳು. ಮುಂದಿನೋರು ಕಾಯ್ತಿದ್ದಾರೆ, ನನ್ನ ಕುರ್ಚಿ ಬಿಡು.”