ಮಾಬ್ಲ ಗುನಗ ಇಟ್ಟ ಹೂ

ಮಾವಿನಕುರ್ವೆಯ ಮಾಬ್ಲ ಗುನಗನಿಗೆ ಕಸುಬು ಎರಡು. ವಾರವಿಡೀ ಮಡಕೆ ಮಾಡುತ್ತಿದ್ದ, ಸೋಮವಾರ ಊರ ದೇವರು ಜಟಗನಿಗೆ ಪೂಜೆ ಮಾಡುತ್ತಿದ್ದ. ತಾನು ಸುಟ್ಟ ಮಡಕೆಯ ಮೇಲೆ ಅವನಿಗೆ ಪೂರ್ತಿ ನಂಬಿಕೆ, ಜಟಗನ ಮೇಲೆ ಎಳ್ಳಷ್ಟೂ ಇರಲಿಲ್ಲ. ಆದರೆ ಅಜ್ಜನ ಕಾಲದಿಂದ ಮನೆಗೆ ಅಂಟಿಕೊಂಡ ಪೂಜೆ, ಬೇಡವೆಂದರೆ ಬಿಟ್ಟುಹೋಗುವಂಥದ್ದಲ್ಲ.

ಹೊಳೆ ನಡುವಿನ ಆ ಕುರ್ವೆಯ ಜನ ಏನೇ ಮಾಡುವುದಿದ್ದರೂ ಮೊದಲು ಪ್ರಸಾದ ಕೇಳಬೇಕು. ಗುನಗ ಎರಡು ಕೇಪಳ ಹೂಗಳನ್ನು ನೀರಿನಲ್ಲಿ ಅದ್ದಿ ದೇವರ ಕಲ್ಲಿನ ಎರಡು ಬದಿಗೆ ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಹೊಸ ದೋಣಿ ನೀರಿಗಿಳಿಸುವುದಿರಲಿ, ಹೊಳೆ ದಾಟಿ ಹೊನ್ನಾವರದ ದವಾಖಾನೆಗೆ ಹೋಗುವುದಿರಲಿ, ಜಟಗ ಒಪ್ಪದೆ ಯಾರೂ ಕಾಲು ಕೀಳುತ್ತಿರಲಿಲ್ಲ.

ಮೂವತ್ತೈದನೇ ಇಸವಿಯಲ್ಲಿ ಮಾಬ್ಲನ ನಾಲ್ಕು ವರ್ಷದ ಮಗಳು ಲಕ್ಕಿಗೆ ಜ್ವರ ಏರಿತು. ಆಗ ಅವನೂ ನಂಬುವವನೇ. ದವಾಖಾನೆಗೆ ಒಯ್ಯಲೋ ಎಂದು ಹೂ ಇಟ್ಟು ಕೈಮುಗಿದ. ಎಡದ್ದು ಬಿತ್ತು. ದೋಣಿ ಕಟ್ಟಿದಲ್ಲೇ ಉಳಿಯಿತು, ಮೂರನೇ ದಿನ ಮಗು ಹೋಯಿತು. ಆಮೇಲೆ ಮಾಬ್ಲ ಹೂವನ್ನು ಬೇರೆ ಕಣ್ಣಿನಿಂದ ನೋಡಿದ. ನೀರು ಹೆಚ್ಚಾದ ಹೂ ಕಲ್ಲಿಗೆ ಗಟ್ಟಿ ಕಚ್ಚುತ್ತದೆ, ಕಡಿಮೆಯಾದದ್ದು ಬೇಗ ಉದುರುತ್ತದೆ. ಇಷ್ಟೇ ದೇವರು! ಅಂದಿನಿಂದ, ದವಾಖಾನೆಗೆ ಹೋಗಲೋ ಎಂದು ಕೇಳಲು ಬಂದ ಯಾರಿಗೂ ಜಟಗ ಎಡ ಕೊಡಲಿಲ್ಲ. ನಮ್ಮ ದೇವರು ಎಷ್ಟು ಮೆತ್ತಗಾದ ಎಂದು ಊರವರು ಹೊಗಳಿದರು. ಮಾಬ್ಲ ತಲೆ ತಗ್ಗಿಸಿ ಗಂಧ ತೇಯುತ್ತಿದ್ದ. ಪಾಪ, ಹೇಳುವುದಾದರೂ ಯಾರಿಗೆ?

ಹೆಂಡತಿ ಮಾದೇವಿಗಂತೂ ಅಲ್ಲ. ಮಗಳು ಹೋದ ಮೇಲೂ ಒಂದು ದಿನವೂ ದೇವರನ್ನು ಬಿಟ್ಟವಳಲ್ಲ ಅವಳು.

ನಲವತ್ತಾರರ ಮಳೆಗಾಲ ಮುಗಿಯುತ್ತಿದ್ದಂತೆ ಮಾದೇವಿ ಹಾಸಿಗೆ ಹಿಡಿದಳು. ಎಂಟು ದಿನ ಜ್ವರ, ಹೊಟ್ಟೆಯಲ್ಲಿ ತಡೆಯಲಾರದ ನೋವು. ಇವಳೂ ಹೋದರೆ ತನಗೆ ಯಾರು ಎಂದು ಮಾಬ್ಲ ಹೆದರಿದ. ಓಡಿ ದೋಣಿ ತಂದು ನಿಲ್ಲಿಸಿದ.

“ಪ್ರಸಾದ ಕೇಳದೆ ನಾ ಬರೂದಿಲ್ಲ,” ಎಂದಳು.

ಅದೆಷ್ಟು ಹೊತ್ತಿನ ಕೆಲಸ! ಮಾಬ್ಲ ಅವಳನ್ನು ಎತ್ತಿಕೊಂಡು ಹೋಗಿ ಜಟಗನೆದುರು ಕೂರಿಸಿ, ಎಡದ ಹೂವನ್ನು ಚೆನ್ನಾಗಿ ನೀರಿನಲ್ಲಿ ಅದ್ದಿದ.

“ಎರಡಕ್ಕೂ ಒಂದೇ ನಮೂನಿ ನೀರು ಹಚ್ಚಿ,” ಎಂದಳು ಮಾದೇವಿ.

ಅವನ ಕೈ ಅಲ್ಲೇ ನಿಂತಿತು. “ನಿಂಗೆ ಗೊತ್ತಿತ್ತಾ?”

“ಹನ್ನೊಂದು ವರ್ಷದಿಂದ ಕಾಣ್ತೇ ಇದ್ದೆ. ಜನಕ್ಕೆ ಒಳ್ಳೇದಾಗ್ತದಲ್ಲ ಅಂತ ಸುಮ್ಮನಿದ್ದೆ. ನಂಗೆ ಮಾತ್ರ ಅವ ಖರೇ ಹೇಳ್ಲಿ.”

ಬೇರೆ ದಾರಿ ಇರಲಿಲ್ಲ. ಎರಡೂ ಹೂಗಳನ್ನು ಒಂದೇ ಸಮ ಅದ್ದಿ ಇಟ್ಟ. ಇಟ್ಟವನು ತನಗೇ ತಿಳಿಯದೆ ಕೈ ಮುಗಿದ. ಇದ್ದರೆ ಬಲ ಕೊಡು, ಇಲ್ಲದಿದ್ದರೂ ಬಲ ಕೊಡು ಎಂದು ಬೇಡಿಕೊಂಡ.

ಎಡದ್ದು ಬಿತ್ತು.

ಮಾದೇವಿ ಬಿದ್ದ ಹೂವನ್ನು ತುಸು ಹೊತ್ತು ನೋಡಿ, ಹೆಕ್ಕಿ ಕಣ್ಣಿಗೊತ್ತಿ ಮುಡಿಗೆ ಸಿಕ್ಕಿಸಿಕೊಂಡಳು.

“ಆತು. ನನ್ನ ಎತ್ತಿ, ಹೋಗ್ವ.”

“ಎಲ್ಲಿಗೆ?”

“ಹೊನ್ನಾವರಕ್ಕೆ. ಲಕ್ಕಿನ್ನೂ ಹಿಂಗೇ ಎತ್ಕಂಡು ಹೋಗ್ಬೇಕಿತ್ತು.”

ಜಟಗನೆಂದರೆ ಬರೀ ಕಲ್ಲು ಎಂದುಕೊಂಡಿದ್ದ ಮಾಬ್ಲ ಅವಳನ್ನು ತಡೆದ. “ಅವ ಬೇಡ ಅಂದ ಮಾದೇವಿ. ಸಿಟ್ಟು ಬಂದ್ರೆ ಎಂತ ಮಾಡೂದು?”

“ಬರ್ಲಿ,” ಎಂದು ಅವಳು ಗಂಡನ ಕೊರಳಿಗೆ ಕೈ ಹಾಕಿದಳು. “ಹನ್ನೊಂದು ವರ್ಷ ನಾ ಸಿಟ್ಟು ಇಟ್ಕಂಡೇ ಅವನಿಗೆ ದೀಪ ಹಚ್ಚಿದೆ. ಅವನೂ ಸಿಟ್ಟು ಇಟ್ಕಂಡೇ ನನ್ನ ಕಾಯ್ಲಿ.”