ಬೋರ್ಡಿಗೊಂದು ಗುರುತು
ಎಪ್ಪತ್ತನಾಲ್ಕನೇ ಇಸವಿಯಲ್ಲಿ ಸರಕಾರಿ ನೌಕರಿ ಬಿಟ್ಟು, ಮುದ್ದೇಬಿಹಾಳದಲ್ಲಿ ಮನೆಗಳ ನಕ್ಷೆ ಬರೆಯುವ ಸ್ವಂತ ಆಫೀಸು ತೆರೆದ ನನ್ನಂಥವನನ್ನು ದೂರದಿಂದಲೇ ಗುರುತಿಸಬಹುದು: ಕಿವಿಯ ಮೇಲೆ ಪೆನ್ಸಿಲ್, ಕಿಸೆಯಲ್ಲಿ ಸ್ಕೇಲು, ಬಾಯಿತುಂಬ ಉಪದೇಶ. ಗಿರಾಕಿ ಬಾಗಿಲಿಗೊಂದು ಕಮಾನು ಕೇಳಿದರೆ ಸಾಕು, "ಸಾದಾ ಇದ್ರನ ಚಂದ್ರಿ" ಎನ್ನುತ್ತೇನೆ. ನನ್ನ ಬೋರ್ಡಿನ ಮೇಲೆ ಗುರುತು ಬರೆಯಲು ಪೇಂಟರ್ ಸೋಮನಿಂಗ ಬಂದಾಗ ಮಾತ್ರ ಕೈವಾರ, ಮನೆ, ಸೂರ್ಯ, ಕೃಷ್ಣಾ ಹೊಳೆ, ಬಸವಣ್ಣ, ಎಲ್ಲವೂ ಬೇಕೆಂದೆ. "ಬಸವಣ್ಣ ಎಲ್ಲಿ ನಿಂದರ್ಬೇಕ್ರಿ, ಹೊಳ್ಯಾಗೇನು?" ಎಂದ. ದಿನಕ್ಕೊಂದು ನಮೂನೆ ಹೇಳಿ ಅವನನ್ನು ಅಟ್ಟುತ್ತಿದ್ದೆ. ನೀಲಿ ಬೋರ್ಡು ಖಾಲಿಯೇ ತೂಗುತ್ತಿತ್ತು. ಹೊಸ ಸಾಮಾನು ಬರಿಹಣೆಯಲ್ಲಿರಬಾರದೆಂದು ನಮ್ಮವ್ವ ಬಾಳಮ್ಮ ಸೋಮವಾರಕ್ಕೊಮ್ಮೆ ಅದಕ್ಕೆ ಮೂರು ಬೆರಳಿನಿಂದ ವಿಭೂತಿ, ಅವಳ ಬಾಯಲ್ಲಿ ಈಬತ್ತಿ, ಹಚ್ಚುತ್ತಿದ್ದಳು. ನನ್ನನ್ನು ಓದಿಸಲು ಮಂದಿಯ ಜೋಳ ಬೀಸುವಾಗ ಬೀಸುಕಲ್ಲಿಗೆ ಸಿಕ್ಕ ಅವಳ ನಡುಬೆರಳು ಸೊಟ್ಟ, ಅದರ ಗೆರೆಯೂ ಸೊಟ್ಟ. ಒಂದು ದಿನ ನಾಲತವಾಡದ ಗಿರಾಕಿಯೊಬ್ಬ ಹೊಸ್ತಿಲಲ್ಲಿ ನಿಂತು, "ಈಬತ್ತಿ ಬೋರ್ಡಿನ ಆಫೀಸ್ ಇದ ಹೌದಲ್ರಿ?" ಎಂದು ಕೇಳಿದ. ಮರುದಿನವೇ ಸೋಮನಿಂಗನನ್ನು ಕರೆಸಿ, ಆ ಗೆರೆಗಳ ಮೇಲೆಯೇ ಬಿಳಿ ಬಣ್ಣ ಎಳೆಯಲು ಹೇಳಿದೆ. "ನಡುವಿಂದು ನೆಟ್ಟಗ ಮಾಡ್ಲೇನ್ರಿ?" ಎಂದ. ಚಟದಂತೆ ಸ್ಕೇಲು ತೆಗೆದೆ. ಗೆರೆ ನೋಡಿದೆ, ಮತ್ತೆ ಕಿಸೆಗೆ ಇಳಿಸಿದೆ.